ಜೇಬಿಲ್ಲದ ಜುಬ್ಬದಲ್ಲಿ ಕೊಳಲು ಕಚೇರಿ

ಕೊಳಲು ನುಡಿಸುವವನಿಗೆ ಬೇಕಾದ್ದು ಎರಡೇ ವಸ್ತು. ಒಂದು ಬಿದಿರಿನ ಕೊಳವೆ, ಇನ್ನೊಂದು ತುಟಿ. ಕೊಳವೆ ಸೀಳಿದರೆ ಇನ್ನೊಂದನ್ನು ತರಿಸಿಕೊಳ್ಳಬಹುದು. ತುಟಿಗೆ ಆ ಅನುಕೂಲವಿಲ್ಲ. ಆದ್ದರಿಂದ ತುಟಿಯೊಂದನ್ನು ಜೋಪಾನ ಮಾಡಿಕೊಂಡರೆ ಕಲಾವಿದನ ಬದುಕಿನಲ್ಲಿ ಯಾವ ಅನಾಹುತವೂ ಆಗಲಾರದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಂಬಿಕೆ ಈಗಲೂ ಇದೆ. ಜೋಪಾನ ಮಾಡುವುದಷ್ಟೇ ಸ್ವಲ್ಪ ತಪ್ಪಿಹೋಯಿತು!

ನಾನು ಕೊಪ್ಪದವನು. ವೃತ್ತಿ: ಕೊಳಲು ವಾದನ ಮತ್ತು ಖಾಸಗಿ ಸಂಗೀತ ಪಾಠ. ಹೀಗೆ ಬರೆದರೆ ಘನವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ನನ್ನ ವೃತ್ತಿ ಬಸ್ಸಿಗೆ ಕಾಯುವುದು. ವಾರದ ಮೊದಲಲ್ಲಿ ಕೊಪ್ಪದ ಮನೆಯಲ್ಲೇ ಪಾಠ, ಬುಧವಾರ ಶೃಂಗೇರಿ, ಶನಿವಾರ ನರಸಿಂಹರಾಜಪುರ. ಬಸ್ಸಿನವರಿಗೆಲ್ಲ ನನ್ನ ಪರಿಚಯ ಚೆನ್ನಾಗಿಯೇ ಇದೆ. ಸೀಟು ಸಿಗದ ದಿನ ಉದ್ದದ ಕೊಳಲಿನ ಚೀಲವನ್ನು ಯಾರ ಕಣ್ಣಿಗೂ ಚುಚ್ಚದಂತೆ ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೊಬ್ಬರಿಲ್ಲ.

ಶಿಷ್ಯರ ವಿಷಯ ಕೇಳಲೇಬೇಡಿ. ಮಕ್ಕಳು ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬರುವಷ್ಟರಲ್ಲಿ ಹತ್ತನೇ ಕ್ಲಾಸು ಬಂದುಬಿಡುತ್ತದೆ. "ಪರೀಕ್ಷೆ ಒಂದು ಮುಗೀಲಿ ಸರ್, ಆಮೇಲೆ ಬರ್ತಾನೆ" ಎನ್ನುತ್ತಾರೆ ತಾಯಂದಿರು. ಆ ಆಮೇಲೆ ಇನ್ನೂ ಬಂದಿಲ್ಲ. ಬಿಡದೆ ಬರುವವರು ಎಂದರೆ ಡಾಕ್ಟರು ಕಳಿಸಿದವರು. ಶೃಂಗೇರಿಯ ನಾಗಭೂಷಣ ರಾಯರು ಅಂಥವರು. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಉಸಿರಾಟಕ್ಕೆ ಒಳ್ಳೆಯದು ಎಂದು ಯಾರೋ ಡಾಕ್ಟರು ಹೇಳಿದ್ದೇ ನೆಪ, ಕೊಳಲು ಕೊಂಡು ನನ್ನ ಬೆನ್ನು ಹತ್ತಿದರು. ಎರಡು ವರ್ಷದಿಂದ ಊದುತ್ತಿದ್ದರು. ಗಾಳಿ ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಒಂದೇ ಒಂದು ಸ್ವರವೂ ಅವರ ಕೊಳಲಿನಿಂದ ಹೊರಬಿದ್ದಿರಲಿಲ್ಲ!

"ರಾಯರೆ, ಊದಿ ಅಂದ್ರೆ ನಿಟ್ಟುಸಿರು ಬಿಡ್ತೀರಲ್ಲ! ತುಟಿ ಸ್ವಲ್ಪ ಒಳಗೆ ಎಳ್ಕೊಳ್ಳಿ" ಎಂದು ನಾನು ಪ್ರತಿ ಬುಧವಾರ ರೇಗುತ್ತಿದ್ದೆ. ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, "ಬರ್ತದೆ ಸರ್, ಗಾಬರಿ ಇಲ್ಲ" ಎಂದು ಮತ್ತೆ ಪುಸ್ ಎನ್ನಿಸುತ್ತಿದ್ದರು.

ಇನ್ನು ವಾದನದ ಭಾಗ. ಮದುವೆಗಳಲ್ಲಿ ಊಟದ ಕೋಣೆಯ ಮೂಲೆಯಲ್ಲಿ ನನ್ನನ್ನು ಕೂರಿಸುತ್ತಾರೆ. ಒಂದು ಮದುವೆಯಲ್ಲಿ ಕಲ್ಯಾಣಿ ರಾಗವನ್ನು ಹಿಡಿದು, ಕಣ್ಣು ಮುಚ್ಚಿ, ಮೇಲಿನ ಷಡ್ಜದ ಮೇಲೆ ಉಸಿರು ನಿಲ್ಲಿಸಿದ್ದೆ. ಯಾರೋ ಭುಜ ತಟ್ಟಿದರು. ರಸಿಕರಿರಬೇಕು ಎಂದು ಕಣ್ಣು ಬಿಟ್ಟರೆ ಮದುಮಗಳ ಸೋದರಮಾವ. "ಸ್ವಲ್ಪ ಸಣ್ಣಗೆ ಊದಿ ಮಾರಾಯ್ರೆ, ಆ ಕಡೆ ಪಂಕ್ತಿಗೆ ಸಾರು ಬಂತಾ ಇಲ್ವಾ ಅಂತ ಕೇಳಿದ್ರೆ ಯಾರಿಗೂ ಕೇಳಿಸ್ತಾ ಇಲ್ಲ" ಎಂದರು. ನಾನು ಸಣ್ಣಗೆ ಊದಿದೆ. ಪಂಕ್ತಿಗೆ ಸಾರು ಬಂತು. ಹೀಗೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಾರು, ಹುಳಿ, ಪಾಯಸಗಳ ಹಿಂದೆ ನನ್ನ ವಿದ್ವತ್ತು ಹರಿದು ಹೋಯಿತು. ಸುಸ್ತಾಗಿತ್ತು. ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ಜನ ನನ್ನ ಎದುರಿಗೆ ಮುಖ ಮಾಡಿ ಕೂತು, ಊಟ ಮಾಡದೆ, ನನ್ನ ಕೊಳಲನ್ನು ಕೇಳಬೇಕು ಎಂಬುದೊಂದೇ ಆಸೆ ಉಳಿದಿತ್ತು.

ಆಸೆ ಈಡೇರುವ ದಿನ ಬಂದೇ ಬಂತು. ನರಸಿಂಹರಾಜಪುರದ ಸಂಗೀತ ಬಳಗದ ಅಧ್ಯಕ್ಷರು ಅನಂತಯ್ಯನವರು. ಅಡಿಕೆ ಮಂಡಿಯವರು, ದೊಡ್ಡ ಮನಸ್ಸಿನವರು, ಅದಕ್ಕಿಂತ ದೊಡ್ಡ ಭಾಷಣದವರು. ಒಂದು ಶನಿವಾರ ಪಾಠ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ನನ್ನ ಮುಂದೆ ಕಾರು ನಿಲ್ಲಿಸಿದರು.

"ಮೇಷ್ಟ್ರೆ, ಈ ಸಲದ ವಾರ್ಷಿಕೋತ್ಸವಕ್ಕೆ ನಿಮ್ಮದೇ ಕಚೇರಿ. ಪೂರ್ತಿ ಎರಡು ಗಂಟೆ. ಪಿಟೀಲು, ಮೃದಂಗ ಎಲ್ಲ ಶಿವಮೊಗ್ಗದಿಂದ ಕರೆಸ್ತೇವೆ."

"ಊಟ?" ಎಂದೆ ನಾನು, ಅಭ್ಯಾಸಬಲದಿಂದ.

"ಅದು ಮಧ್ಯಾಹ್ನ ನಮ್ಮ ಮನೇಲಿ. ಕಚೇರಿ ನಾಲ್ಕಕ್ಕೆ. ಕಚೇರಿ ಹೊತ್ತಿಗೆ ಊಟ ಗೀಟ ಎಂತದೂ ಇಲ್ಲ."

ನನ್ನ ಕಣ್ಣು ಒದ್ದೆಯಾಯಿತು. ಆ ದಿನ ಬಸ್ಸಿನಲ್ಲಿ ಸೀಟೂ ಸಿಕ್ಕಿತು!

ಅಂದಿನಿಂದ ತುಟಿ ಸಂರಕ್ಷಣಾ ಕಾರ್ಯಕ್ರಮ ಜಾರಿಗೆ ಬಂತು. ಖಾರ ನಿಷಿದ್ಧ. ಬಿಸಿ ಕಾಫಿ ನಿಷಿದ್ಧ, ತಣ್ಣಗಾದದ್ದನ್ನು ಚಮಚದಲ್ಲಿ ಕುಡಿಯುವುದು. ಹೊರಗೆ ಹೊರಟರೆ ಬಾಯಿಗೆ ಮಫ್ಲರು. ಬೆಳಿಗ್ಗೆ ಸಂಜೆ ತುಟಿಗೆ ತುಪ್ಪ.

"ನಂಗೆ ಬಾಣಂತನದಲ್ಲೂ ಇಷ್ಟು ತುಪ್ಪ ಖರ್ಚಾಗ್ಲಿಲ್ಲ" ಎಂದಳು ನನ್ನ ಹೆಂಡತಿ ಸುಮಿತ್ರಾ.

"ಕಲಾವಿದನ ಕಷ್ಟ ನಿಂಗೆ ಅರ್ಥ ಆಗಲ್ಲ."

"ಕಲಾವಿದನ ಜುಬ್ಬ ಒಗೆಯೋದು ಎಷ್ಟು ಕಷ್ಟ ಅಂತ ಮಾತ್ರ ಚೆನ್ನಾಗಿ ಅರ್ಥ ಆಗ್ತದೆ."

ಈ ಜುಬ್ಬದ ಮಾತಿಗೊಂದು ಹಿನ್ನೆಲೆ ಇದೆ. ನಮ್ಮ ಕಡೆ ಊಟವಾದ ಮೇಲೆ ಎಲೆ ಅಡಿಕೆಯ ಹರಿವಾಣ ಮುಂದೆ ಬರುತ್ತದೆ. ಕವಳ ಹಾಕುವುದೇ ಊಟದ ಕೊನೆಯ ಶಾಸ್ತ್ರ. ನನಗೆ ಸುಣ್ಣ ಕಂಡರೆ ಭಯ. ತುಟಿಗೆ ತಗುಲಿದರೆ ಕೆಲಸ ಕೆಟ್ಟಿತು. ಆದರೆ ಅಡಿಕೆ ಬೆಳೆಯುವವರ ಮನೆಯಲ್ಲಿ ಕೂತು ಅಡಿಕೆ ಬೇಡ ಎಂದು ಹೇಳಿ ನೋಡಿ, ಗೊತ್ತಾಗುತ್ತದೆ! "ಯಾಕೆ, ಹಲ್ಲು ನೋವಾ? ಹೊಟ್ಟೆ ಸರಿ ಇಲ್ವಾ? ನಮ್ಮ ಅಡಿಕೆ ಮೇಲೆ ಎಂತಾದ್ರೂ ಬೇಜಾರಾ?" ಎಂದು ಮನೆಯವರೆಲ್ಲ ಸುತ್ತ ಸೇರುತ್ತಾರೆ. ಅದಕ್ಕೇ ನಾನೊಂದು ಉಪಾಯ ಕಂಡುಕೊಂಡಿದ್ದೆ. ಎಲೆಗೆ ಸುಣ್ಣ ಸವರುವುದು, ಅಡಿಕೆ ಇಡುವುದು, ಚೆಂದ ಮಡಚುವುದು, ಬಾಯಿಯವರೆಗೂ ಕೈ ಒಯ್ಯುವುದು, ಆಚೆ ಈಚೆ ನೋಡಿ ಜುಬ್ಬದ ಜೇಬಿಗೆ ಇಳಿಸುವುದು. ಇಷ್ಟು ವರ್ಷಗಳಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಿದ್ದವಳು ಸುಮಿತ್ರಾ ಒಬ್ಬಳೇ. ನನ್ನ ಎಲ್ಲ ಜುಬ್ಬಗಳ ಬಲಜೇಬೂ ಕಂದು ಬಣ್ಣಕ್ಕೆ ತಿರುಗಿ, ಯಾವ ಸೋಪಿಗೂ ಜಗ್ಗದೆ ಕೂತಿತ್ತು.

ಕಚೇರಿಗೆಂದು ಹೊಸ ರೇಷ್ಮೆ ಜುಬ್ಬ ಹೊಲಿಸಲು ಕೊಪ್ಪದ ಟೈಲರ್ ಅಂಗಡಿಗೆ ಇಬ್ಬರೂ ಹೋದೆವು.

"ಜೇಬು ಬೇಡ" ಎಂದೆ ನಾನು ಗಂಭೀರವಾಗಿ.

ಟೈಲರು ಟೇಪು ಹಿಡಿದುಕೊಂಡು ಹಾಗೇ ನಿಂತ. ಸುಮಿತ್ರಾ ನನ್ನ ಕಿವಿಯ ಹತ್ತಿರ ಬಂದಳು. "ಜೇಬಿಲ್ದೆ ಕವಳ ಎಲ್ಲಿ ಹಾಕ್ತೀರಿ?"

"ವೇದಿಕೆ ಮೇಲೆ ಕೂತಾಗ ಜೇಬು ಉಬ್ಬಿ ಕಾಣ್ತದೆ. ನೋಡೋಕೆ ಅಸಹ್ಯ."

"ನೋಡೋಕಲ್ಲ, ಅಲ್ಲಿ ಊಟಕ್ಕೆ ಕರೆದಿದಾರಲ್ಲ, ಅದಕ್ಕೆ ಹೇಳಿದ್ದು."

"ಸುಮಿತ್ರಾ," ಎಂದೆ ನಾನು, ಟೈಲರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿ, "ಕವಳ ಹಾಕಿ ಅಂತ ಬಲವಂತ ಮಾಡೋದು ಮದುವೆಗೆ ಊದುವವನಿಗೆ. ಕಚೇರಿ ಮಾಡುವ ವಿದ್ವಾಂಸರ ತುಟಿಗೆ ಒಂದು ಮರ್ಯಾದೆ ಇರ್ತದೆ."

ಅವಳು ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ನಾನು ಹುಷಾರಾಗಬೇಕಿತ್ತು. ಆಗಲಿಲ್ಲ.

ಕಚೇರಿಯ ದಿನ ಇಬ್ಬರೂ ಬೆಳಗಿನ ಬಸ್ಸಿಗೇ ನರಸಿಂಹರಾಜಪುರಕ್ಕೆ ಹೋದೆವು. ಅನಂತಯ್ಯನವರ ಮನೆಯಲ್ಲಿ ನನಗೆ ದೊರೆತ ಉಪಚಾರವನ್ನು ವರ್ಣಿಸಲಾರೆ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಮೊದಲ ಎಲೆ! ಅಷ್ಟು ವರ್ಷ ಕೊನೆಯ ಪಂಕ್ತಿಯಲ್ಲಿ, ಅಡುಗೆಯವರ ಜೊತೆ, ಪಾಯಸವಿಲ್ಲದೆ ಉಂಡ ಮನುಷ್ಯ ನಾನು. ಖಾರದ ಪದಾರ್ಥಗಳನ್ನೆಲ್ಲ ಎಲೆಯ ತುದಿಗೆ ಸರಿಸಿ, ಮೊಸರನ್ನ ಉಂಡು, ತುಟಿಯನ್ನು ಹಗುರಾಗಿ ಒರೆಸಿಕೊಂಡು ಎದ್ದೆ. ಆವರೆಗೂ ತುಟಿ ಅತ್ಯುತ್ತಮ ಸ್ಥಿತಿಯಲ್ಲಿತ್ತು ಎಂದು ಇಲ್ಲಿ ದಾಖಲಿಸುತ್ತೇನೆ.

ಜಗಲಿಯಲ್ಲಿ ಕೂರುತ್ತಿದ್ದಂತೆ ಹರಿವಾಣ ಬಂತು.

"ಹಾಕಿ ಮೇಷ್ಟ್ರೆ. ನಮ್ಮ ತೋಟದ್ದೇ ಅಡಿಕೆ. ನಿಮಗೋಸ್ಕರ ಅಂತ ಹಸೀದು ಸುಲಿಸಿದ್ದು" ಎಂದರು ಅನಂತಯ್ಯ.

ನಾನು ದೊಡ್ಡ ವಿದ್ವಾಂಸರ ನಗೆ ನಕ್ಕೆ. "ಕಚೇರಿ ಇದೆಯಲ್ಲ, ಬೇಡ."

"ಕಚೇರಿ ಇರೋದಕ್ಕೇ ಬೇಕು! ಬಾಯಿ ಕೆಂಪಾಗದ ವಿದ್ವಾಂಸರನ್ನ ನಾನಂತೂ ಈತನಕ ನೋಡಿಲ್ಲ. ಯಾಕೆ, ನಮ್ಮ ಅಡಿಕೆ ಮೇಲೆ ಎಂತಾದ್ರೂ ಬೇಜಾರಾ?"

ಬಂತು! ಜಗಲಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಇನ್ನು ಉಪಾಯವಿಲ್ಲ ಎಂದು ನನ್ನ ಹಳೆಯ ಕ್ರಮವನ್ನೇ ಆರಂಭಿಸಿದೆ. ಎಲೆಯ ತೊಟ್ಟು ಮುರಿದೆ. ಹೇಗೂ ತಿನ್ನುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಪಳಗಿದವನಂತೆ ಕಾಣಲಿ ಎಂದು, ದೋಸೆಗೆ ಚಟ್ನಿ ಸವರಿದ ಹಾಗೆ ಸುಣ್ಣ ಸವರಿದೆ. ಹಸಿ ಅಡಿಕೆ ಹೋಳುಗಳನ್ನು ಧಾರಾಳವಾಗಿ ಇಟ್ಟೆ. ಮಡಚಿದೆ. ಕೈಯನ್ನು ಬಾಯಿಯವರೆಗೆ ಒಯ್ದು, ಕೆಮ್ಮಿದಂತೆ ಮಾಡಿ, ಸೊಂಟದ ಬಳಿ ಇಳಿಸಿದೆ.

ಜೇಬಿರಲಿಲ್ಲ.

ಕೈ ರೇಷ್ಮೆಯ ಮೇಲೆ ನುಣ್ಣಗೆ ಜಾರಿ ಮೊಣಕಾಲಿಗೆ ಬಂತು. ಮತ್ತೊಮ್ಮೆ ಮೇಲಕ್ಕೆ ಒಯ್ದು ಇಳಿಸಿದೆ. ಮತ್ತೆ ಮೊಣಕಾಲು. ಎಡಗಡೆಗಾದರೂ ಇದೆಯೇನೋ ಎಂದು ಆ ಕಡೆಯೂ ತಡವಿ ನೋಡಿದೆ. ಟೈಲರು ನನ್ನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದ.

"ಎಂತ ಹುಡುಕ್ತೀರಿ ಮೇಷ್ಟ್ರೆ?" ಎಂದರು ಅನಂತಯ್ಯ.

ಬಾಗಿಲ ಬಳಿ ಹೆಂಗಸರ ಜೊತೆ ಕೂತಿದ್ದ ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದುದು ಕರುಣೆಯೋ ನಗೆಯೋ ಹೇಳಲಾರೆ. ನಾನು ಕಣ್ಣು ಮುಚ್ಚಿ ಕವಳವನ್ನು ಬಾಯಿಗೆ ಹಾಕಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಸುಣ್ಣ ಕೆಳತುಟಿಯ ಒಳಭಾಗವನ್ನು ಚುರ್ ಎಂದು ಸುಟ್ಟಿತು. ಹಸಿ ಅಡಿಕೆ ತಲೆಗೇರಿ ಸೊಕ್ಕಿತು. ಹಣೆಯಲ್ಲಿ ಬೆವರು, ಕಿವಿಯಲ್ಲಿ ಗುಂಯ್ ಎಂಬ ಶ್ರುತಿ, ಜಗಲಿಯ ಕಂಬಗಳು ನಿಧಾನವಾಗಿ ಸುತ್ತತೊಡಗಿದವು. ಶ್ರುತಿ ಮಾತ್ರ ಶುದ್ಧವಾಗಿತ್ತು.

"ಅಯ್ಯೋ, ಅಡಿಕೆ ಸೊಕ್ಕಿದೆ! ಬೆಲ್ಲ ತನ್ನಿ!" ಎಂದರು ಒಬ್ಬರು.

"ಬೆಲ್ಲ ಅಲ್ಲ, ಉಪ್ಪು!" ಎಂದರು ಇನ್ನೊಬ್ಬರು.

ಎರಡೂ ಬಂತು. ಬೆಲ್ಲ ಸರಿ. ಸುಟ್ಟ ತುಟಿಗೆ ಉಪ್ಪು ತಾಗಿದಾಗ ನಾನು ಕೂಗಿದ ಸ್ವರ ಮೂರನೇ ಸ್ಥಾಯಿಯದು, ಅದನ್ನು ಕೊಳಲಿನಲ್ಲಿ ನಾನು ಎಂದೂ ತಲುಪಿಲ್ಲ! ಅದು ಕೇಳಿ ಒಳಗಿನಿಂದ ಕೊಬ್ಬರಿ ಎಣ್ಣೆ ಬಂತು, ಮಜ್ಜಿಗೆ ಬಂತು, ಪಕ್ಕದ ಮನೆ ಫ್ರಿಜ್ಜಿನಿಂದ ಐಸು ಬಂತು. ಪ್ರತಿಯೊಬ್ಬರೂ ತಮ್ಮ ತಮ್ಮ ಮದ್ದನ್ನು ನನ್ನ ತುಟಿಯ ಮೇಲೆ ಪ್ರಯೋಗಿಸಿದರು. ಕೊನೆಗೆ ತಲೆ ಸುತ್ತು ನಿಂತಿತು. ತುಟಿ ಮಾತ್ರ ನನ್ನದಲ್ಲ ಎನ್ನಿಸಿಬಿಟ್ಟಿತು. ಮುಟ್ಟಿದರೆ ಅಲ್ಲೇನೋ ಇದೆ ಎಂದು ಬೆರಳಿಗೆ ತಿಳಿಯುತ್ತಿತ್ತು, ತುಟಿಗೆ ತಿಳಿಯುತ್ತಿರಲಿಲ್ಲ.

ಕಚೇರಿ ಇದ್ದದ್ದು ಅಲ್ಲಿಯ ಒಂದು ಕಲ್ಯಾಣ ಮಂಟಪದಲ್ಲಿ. ಕಲಾವಿದರಿಗೆ ಮದುಮಗಳ ಕೋಣೆ ಬಿಟ್ಟುಕೊಟ್ಟಿದ್ದರು. ಅಲ್ಲಿಯ ದೊಡ್ಡ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಕೆಳತುಟಿ ಊದಿಕೊಂಡು, ಕೆಂಪಗೆ, ಮೇಲುತುಟಿಗೆ ಹೊಂದಿಕೆಯೇ ಇಲ್ಲದೆ ಮುಂದೆ ಬಂದಿತ್ತು. ಶಿವಮೊಗ್ಗದಿಂದ ಬಂದಿದ್ದ ಪಿಟೀಲಿನ ರಮಾನಂದ ಶ್ರುತಿ ಮಾಡಿಕೊಳ್ಳುತ್ತಾ, "ಸರ್, ಒಂದು ಸಲ ಷಡ್ಜ ಕೊಡಿ" ಎಂದ.

ಕೊಳಲೆತ್ತಿ ಊದಿದೆ. ಪುಸ್!

"ಎಣ್ಣೆ ಜಾಸ್ತಿ ಆಗಿದೆ" ಎಂದು ಒರೆಸಿಕೊಂಡೆ. ಪುಸ್! ತುಟಿಯನ್ನು ಒಳಗೆ ಎಳೆದುಕೊಳ್ಳಲು ನೋಡಿದೆ. ಅದು ಬರಲೊಪ್ಪಲಿಲ್ಲ. ಕೊಳಲನ್ನು ಓರೆ ಮಾಡಿದೆ, ನೇರ ಮಾಡಿದೆ, ಮೃದಂಗದವರು ಹೇಳಿದರೆಂದು ಗೋಡೆ ಕಡೆ ತಿರುಗಿಯೂ ಊದಿದೆ. ಗಾಳಿ ಬಂತು, ಶಬ್ದ ಬರಲಿಲ್ಲ. ಹೊರಗೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಜನ ಬಂದು ಕೂರುತ್ತಿದ್ದರು. ನನ್ನ ಎದುರಿಗೆ ಮುಖ ಮಾಡಿ ಕೂರಲೆಂದೇ ಬಂದ ಜನ! ನನಗೆ ಅಳು ಬಂತು. ಅಳುವುದಕ್ಕೂ ತುಟಿ ಸಹಕರಿಸಲಿಲ್ಲ.

ಒಂದೇ ಭರವಸೆ ಎಂದರೆ ಅನಂತಯ್ಯನವರ ಸ್ವಾಗತ ಭಾಷಣ. ಅವರು ಮೈಕು ಹಿಡಿದರೆ ಮುಕ್ಕಾಲು ಗಂಟೆಗೆ ಮೋಸವಿಲ್ಲ. ಅಷ್ಟರಲ್ಲಿ ತುಟಿ ಇಳಿಯಬಹುದು. ವೇದಿಕೆಯ ಮೇಲೆ ಕೂತು ದೇವರಲ್ಲಿ ಪ್ರಾರ್ಥಿಸಿದೆ, ಅವರ ಮಾತು ಇಂದು ಮುಗಿಯದಿರಲಿ ಎಂದು. ಅನಂತಯ್ಯ ಮೈಕಿನ ಮುಂದೆ ನಿಂತರು. ಅವರ ಎಡಗೆನ್ನೆಯಲ್ಲಿ ದೊಡ್ಡದೊಂದು ಕವಳವಿತ್ತು. ಕತ್ತು ಮೇಲಕ್ಕೆತ್ತಿ, "ಎಲ್ಲರಿಗೂ ಶ್ವಾಗತ. ಹೆಚ್ಚು ಮಾತು ಬೇಡ. ಶಂಗೀತ ಶುರುವಾಗಲಿ" ಎಂದು ಕೈಮುಗಿದು ಉಗುಳಲು ಹೊರಗೆ ಹೋದರು! ಸಭೆ ಆನಂದದಿಂದ ಚಪ್ಪಾಳೆ ತಟ್ಟಿತು. ಬಳಗ ಹುಟ್ಟಿದಾಗಿನಿಂದ ಅಷ್ಟು ಚಿಕ್ಕ ಭಾಷಣ ಅವರು ಮಾಡಿರಲಿಲ್ಲವಂತೆ.

ನಾನು ಕೊಳಲೆತ್ತಿದೆ. ಉಸಿರು ತುಂಬಿಕೊಂಡೆ. ಊದಿದೆ. ಮೈಕಿನಲ್ಲಿ ಬಿರುಗಾಳಿ ಎದ್ದಿತು. ಮುಂದಿನ ಸಾಲಿನವರು ಛಾವಣಿ ನೋಡಿದರು. ಸೌಂಡ್ ಸಿಸ್ಟಂನವನು ಓಡಿಬಂದು, "ಸರ್, ಗಾಳಿ ಹೊಡೀತಾ ಇದೆ" ಎಂದು ನನ್ನ ಮೈಕನ್ನು ಅಷ್ಟು ದೂರ ಸರಿಸಿ, ಮತ್ತೂ ಸಾಲದೆ ತನ್ನ ಪೆಟ್ಟಿಗೆಯ ಬಳಿ ಹೋಗಿ ಅದರ ಕಿವಿ ಹಿಂಡಿದ. ಮೈಕು ಸತ್ತಿತು.

ಆಗ ರಮಾನಂದ ನನ್ನ ಕಡೆ ಬಗ್ಗಿದ. "ಸರ್, ನೀವು ಬೆರಳು ಆಡಿಸ್ತಾ ಇರಿ. ನಾನು ನೋಡ್ಕೊಳ್ತೇನೆ."

"ಅದು ಮೋಸ ಅಲ್ವನಾ ಮಾರಾಯ? ಗೊತ್ತಾಗೋದಿಲ್ವಾ?"

"ಗೊತ್ತಾಗಬೇಕು ಅಂದ್ರೆ ಕೇಳಿಸ್ಕೋಬೇಕಲ್ಲ ಸರ್" ಎಂದು ಅವನು ಕಮಾನು ಎಳೆದೇಬಿಟ್ಟ.

ಎದ್ದು ನಿಂತು ಕೈಮುಗಿದು, ನನ್ನ ತುಟಿ ಸುಟ್ಟಿದೆ, ಕ್ಷಮಿಸಿ ಎನ್ನಬೇಕಿತ್ತು. ಎನ್ನಬೇಕು ಎಂದುಕೊಳ್ಳುತ್ತಲೇ ವರ್ಣ ಮುಗಿಯಿತು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಕ್ಷಮೆ ಕೇಳುವುದು ಹೇಗೆ? ಮುಂದಿನ ಕೀರ್ತನೆ ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಅದಕ್ಕೂ ಚಪ್ಪಾಳೆ! ಹೀಗೆ ನಾನು ಕೊಳಲನ್ನು ತುಟಿಗೆ ಆನಿಸಿ, ತಲೆದೂಗಿ, ಆಗಾಗ ಕಣ್ಣು ಮೇಲೆತ್ತಿ, ಬೆರಳಾಡಿಸುತ್ತಾ, ಸದ್ದಿಲ್ಲದೆ ಗಾಳಿ ಬಿಡುತ್ತಾ ಎರಡು ಗಂಟೆ ಕೂತೆ. ರಮಾನಂದ ಅದ್ಭುತವಾಗಿ ನುಡಿಸಿದ. ನಡುವೆ ಒಮ್ಮೆ ಅವನು ಯಾವ ರಾಗದಲ್ಲಿದ್ದಾನೆಂದೇ ಮರೆತು ನನ್ನ ಬೆರಳುಗಳು ಬೇರೆ ಯಾವುದೋ ರಾಗದಲ್ಲಿ ಓಡುತ್ತಿದ್ದವು. ಮೃದಂಗದವರ ತನಿ ಆವರ್ತನ ಬಂದಾಗ ಕೊಳಲನ್ನು ತೊಡೆಯ ಮೇಲಿಟ್ಟು ಪ್ರಾಮಾಣಿಕವಾಗಿ ತಾಳ ಹಾಕಿದೆ. ಆ ದಿನ ನಾನು ಮಾಡಿದ ಒಂದೇ ಸಂಗೀತದ ಕೆಲಸ ಅದು.

ಒಬ್ಬರಾದರೂ ಎದ್ದು, "ಏನ್ರೀ, ಕೊಳಲು ಎಲ್ಲಿ?" ಎಂದು ಕೇಳುತ್ತಾರೆಂದು ಭಯದಿಂದ ಕಾದೆ. ಕ್ರಮೇಣ ಭಯ ಹೋಗಿ ಆಸೆಯಿಂದ ಕಾದೆ. ಯಾರೂ ಕೇಳಲಿಲ್ಲ. ಕೊನೆಯ ಸಾಲಿನಲ್ಲಿ ಶೃಂಗೇರಿಯಿಂದ ಬಂದಿದ್ದ ನಾಗಭೂಷಣ ರಾಯರು ಮಾತ್ರ ಕುರ್ಚಿಯ ತುದಿಗೆ ಬಂದು, ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಗುರುಭಕ್ತಿ ಎಂದುಕೊಂಡೆ.

ಮಂಗಳ ಮುಗಿದ ಮೇಲೆ ಶಾಲು ಹೊದೆಸಿದರು. ಅನಂತಯ್ಯ ಎರಡೂ ಕೈ ಹಿಡಿದುಕೊಂಡರು. ಬಾಯಿ ಈಗ ಖಾಲಿಯಾಗಿತ್ತು, ಮಾತು ಸ್ಪಷ್ಟವಾಗಿತ್ತು.

"ಏನು ವಿದ್ವತ್ತು ಮೇಷ್ಟ್ರೆ! ಕೊಳಲು ಅಂದ್ರೆ ಕಿವಿಗೆ ಕೊರೀತದೆ ಅಂದ್ಕೊಂಡಿದ್ದೆ. ನಿಮ್ಮದು ಎಷ್ಟು ಮೆತ್ತಗೆ! ಪಕ್ಕದವರ ಹತ್ರ ಮಂಡಿ ವಿಷಯ ಎಲ್ಲ ಮಾತಾಡಿದೆ, ಒಂದು ಚೂರು ತೊಂದ್ರೆ ಆಗ್ಲಿಲ್ಲ. ಬರೋ ವರ್ಷವೂ ನೀವೇ. ಹೀಗೇ ನುಡಿಸಿ!"

ಇನ್ನೊಬ್ಬರು ನನ್ನ ತುಟಿ ನೋಡಿ, "ಕವಳ ಚೆನ್ನಾಗಿ ಹಿಡಿದಿದೆ" ಎಂದು ಮೆಚ್ಚಿದರು.

ಸಂಜೆಯ ಬಸ್ಸಿನಲ್ಲಿ ಕೊಪ್ಪಕ್ಕೆ ಹೊರಟೆವು. ಶಾಲು ನನ್ನ ತೊಡೆಯ ಮೇಲಿತ್ತು. ಸುಮಿತ್ರಾ ಕಿಟಕಿಯ ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದಳು. "ಇವತ್ತು ನಂಗೆ ಕಣ್ಣಲ್ಲಿ ನೀರು ಬಂತು ಕಣ್ರೀ. ತುಟಿ ಆ ಪರಿ ಸುಟ್ಕೊಂಡೂ ಹೇಗೆ ನುಡಿಸಿದ್ರಿ!"

ಇನ್ನು ತಡೆಯಲಾಗಲಿಲ್ಲ. "ನಾನು ನುಡಿಸಲೇ ಇಲ್ಲ ಸುಮಿತ್ರಾ. ಒಂದು ಸ್ವರವೂ ಇಲ್ಲ. ಅಷ್ಟೂ ಪಿಟೀಲು."

ಅವಳು ತಿರುಗಿ ನನ್ನನ್ನು ನೋಡಿದಳು. "ಹೌದಾ? ಹಾಗಾದ್ರೆ ನಾನು ಅತ್ತಿದ್ದು ಆ ಪಿಟೀಲಿನವನಿಗಾ?"

"ಇಷ್ಟು ವರ್ಷ ಒಂದೇ ಮನೇಲಿ ಇದೀಯ. ಕೊಳಲಿಗೂ ಪಿಟೀಲಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ ನಿಂಗೆ?"

"ಹೇಗೆ ಗೊತ್ತಾಗಬೇಕು ಮಾರಾಯ್ರೆ? ಬೆಳಿಗ್ಗೆ ನೀವು ಊದೋಕೆ ಶುರು ಮಾಡಿದ ಕೂಡಲೇ ನಾನು ಮಿಕ್ಸಿ ಹಾಕ್ತೇನಲ್ಲ!"

ಹೇಳಿದ ಮೇಲೆ ಅವಳಿಗೇ ಪಾಪ ಎನ್ನಿಸಿರಬೇಕು. ಚೀಲದಿಂದ ತುಪ್ಪದ ಕರಡಿಗೆ ತೆಗೆದು, ಬಸ್ಸಿನ ಕುಲುಕಾಟದಲ್ಲೇ ಒಂದು ಬೆರಳಿನಿಂದ ನನ್ನ ತುಟಿಗೆ ಸವರಿದಳು. ಮೂಗಿಗೂ ಸ್ವಲ್ಪ ತಾಗಿತು.

ಬುಧವಾರ ಶೃಂಗೇರಿಗೆ ಹೋದೆ. ತುಟಿಯ ಊತ ಇಳಿದಿತ್ತು, ಗಾಯ ಇನ್ನೂ ಇತ್ತು. ಕಚೇರಿಯ ಖ್ಯಾತಿ ನನಗಿಂತ ಮೊದಲ ಬಸ್ಸಿಗೇ ಬಂದಿತ್ತು. ದಾರಿಯಲ್ಲಿ ಇಬ್ಬರು "ಭಾರಿ ಚೆನ್ನಾಗಿತ್ತಂತೆ" ಎಂದರು. ಹೌದೆಂದು ತಲೆಯಾಡಿಸಿ ಆಡಿಸಿ ಕತ್ತು ನೋಯುತ್ತಿತ್ತು. ನಾಗಭೂಷಣ ರಾಯರ ಮನೆಯಲ್ಲಿ ಚಾಪೆ ಹಾಸಿ, ಶ್ರುತಿ ಪೆಟ್ಟಿಗೆ ಹಾಕಿ ಎಂದಿನಂತೆ ಎದುರು ಕೂತೆವು. ರಾಯರು ಕೊಳಲು ತೆಗೆಯಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಸರ್, ಒಂದು ಮಾತು. ತಪ್ಪು ತಿಳ್ಕೋಬೇಡಿ. ಮೊನ್ನೆ ನಿಮಗೆ ಒಂದು ಸ್ವರವೂ ಬರ್ಲಿಲ್ಲ ಅಲ್ವಾ?"

ಸಿಕ್ಕಿಬಿದ್ದೆ ಎಂದುಕೊಂಡೆ. ಜೊತೆಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಸಂತೋಷವೂ ಆಯಿತು. ಅಷ್ಟು ದೊಡ್ಡ ಸಭೆಯಲ್ಲಿ ಒಂದು ಕಿವಿಯಾದರೂ ನನ್ನ ಕೊಳಲಿಗೆ ಕಾದಿತ್ತಲ್ಲ!

"ನಿಮಗೆ ಕೇಳಿಸ್ತಾ ರಾಯರೆ, ಕೊಳಲಿನ ನಾದ ಇಲ್ಲ ಅಂತ?"

"ಇಲ್ಲ ಸರ್, ನಂಗೆ ಅದೆಲ್ಲ ಎಲ್ಲಿ ತಿಳೀತದೆ? ಆದ್ರೆ ನಿಮ್ಮ ಮುಖ ನೋಡಿದೆ. ಕೆನ್ನೆ ಉಬ್ಬೋದು, ಕಣ್ಣು ಮೇಲೆ ಹೋಗೋದು, ಕೊಳಲು ಸ್ವಲ್ಪ ಆ ಕಡೆ ಈ ಕಡೆ ತಿರುಗಿಸೋದು. ಎರಡು ವರ್ಷದಿಂದ ದಿನಾ ಕನ್ನಡಿ ಮುಂದೆ ನೋಡ್ತಾ ಇದೇನಲ್ಲ ಸರ್. ಇವರಿಗೂ ಬರ್ತಾ ಇಲ್ಲ ಅಂತ ಕೂಡಲೇ ಗೊತ್ತಾಯ್ತು."

ಅವರು ಸಮಾಧಾನದ ದನಿಯಲ್ಲಿ ಮುಂದುವರಿಸಿದರು. "ನೀವು ನನ್ನ ಮೇಲೆ ರೇಗುವಾಗ ನಂಗೆ ಬೇಜಾರಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಮೊನ್ನೆ ನಿಮ್ಮನ್ನ ಹಾಗೆ ನೋಡಿದ ಮೇಲೆ ಧೈರ್ಯ ಬಂತು. ನಿಮಗೇ ಹಾಗಾಗ್ತದೆ ಅಂದ್ಮೇಲೆ ನಂದೆಂತದು ದೊಡ್ಡದು!"

ಹೀಗೆ ಹೇಳಿ, ನಿರಾಳವಾಗಿ ಕೊಳಲು ತೆಗೆದುಕೊಂಡು, ತುಟಿಗೆ ಇಟ್ಟು, ಊದಿದರು.

ಪೂ... ಎಂದಿತು ಕೊಳಲು!

ಇಬ್ಬರೂ ಬೆಚ್ಚಿಬಿದ್ದೆವು. ರಾಯರು ಕೊಳಲನ್ನು ಕಣ್ಣಿನ ಹತ್ತಿರ ಹಿಡಿದು, ಒಳಗೆ ಯಾರಾದರೂ ಇದ್ದಾರೆಯೇ ಎಂಬಂತೆ ನೋಡಿದರು. ಮತ್ತೊಮ್ಮೆ ಊದಿದರು. ಮತ್ತೂ ಗಟ್ಟಿಯಾಗಿ, ದುಂಡಗೆ, ನಡುಗುತ್ತಾ ಬಂತು ಷಡ್ಜ. ಒಳಗಿನಿಂದ ಅವರ ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು ಬಾಗಿಲು ದೂಡಿ, "ಯಾರು, ನೀವಾ ಊದಿದ್ದು?" ಎಂದರು. ರಾಯರ ಕಣ್ಣು ತುಂಬಿತ್ತು. ನನ್ನದೂ.

"ಭೇಷ್ ರಾಯರೆ! ಈಗ ಬಿಡಬೇಡಿ. ಷಡ್ಜ ಆಯ್ತು, ಇನ್ನು ರಿಷಭ. ನಾನು ತೋರಿಸ್ತೇನೆ, ನೋಡಿ" ಎಂದು ಉತ್ಸಾಹದಿಂದ ನನ್ನ ಕೊಳಲೆತ್ತಿದೆ. ಬೆರಳು ಇಟ್ಟೆ. ಉಸಿರು ತುಂಬಿಕೊಂಡೆ. ಊದಿದೆ.

ಪುಸ್!

ರಾಯರು ಕೊಳಲು ಕೆಳಗಿಟ್ಟು ಸ್ವಲ್ಪ ಮುಂದೆ ಸರಿದು ಕೂತರು. ನನ್ನ ಮೊಣಕಾಲು ತಟ್ಟಿದರು.

"ತುಟಿ ಸ್ವಲ್ಪ ಒಳಗೆ ಎಳ್ಕೊಳ್ಳಿ ಸರ್. ಬರ್ತದೆ, ಗಾಬರಿ ಇಲ್ಲ. ನಂಗೇ ಎರಡು ವರ್ಷ ಹಿಡೀಲಿಲ್ವಾ?"